ಅಜ್ಜಿಯ ನೆನಪಿಗೆ ಮಣಿಕಟ್ಟಿನ ಮೇಲೊಂದು ಶಿಲುಬೆ: ಹಚ್ಚೆ ಹಾಕಿಸಿಕೊಂಡರೆ ಪಾಪವೇ?

ಪ್ರಶ್ನೆ: ನನಗೆ 23 ವರ್ಷ. ನಮ್ಮ ಮನೆ ಲಿಂಗರಾಜಪುರದಲ್ಲಿ. ಮೂರು ತಿಂಗಳ ಹಿಂದೆ ನಮ್ಮಜ್ಜಿ ತೀರಿಕೊಂಡರು. ನನ್ನನ್ನು ಬೆಳೆಸಿದವರೇ ಅವರು. ಅವರ ಹೆಸರು, ಜೊತೆಗೊಂದು ಪುಟ್ಟ ಶಿಲುಬೆ ಮಣಿಕಟ್ಟಿನ ಮೇಲೆ ಹಚ್ಚೆ ಹಾಕಿಸಿಕೊಳ್ಳಬೇಕು ಅಂತ ಆಸೆ. ಅಪ್ಪ ಯಾಜಕಕಾಂಡ 19:28 ತೋರಿಸಿ ಬೇಡವೇ ಬೇಡ ಅಂತಾರೆ. ಆದರೆ ಅಜ್ಜಿಯ ಮುಂಗೈ ಮೇಲೆಯೇ ಹಸಿರು ಹಚ್ಚೆ ಇತ್ತು. ಮನೆ ಪ್ರಾರ್ಥನೆಗೆ ಬರುವ ಆಂಟಿಯೊಬ್ಬರು ಹಚ್ಚೆಯ ಮೂಲಕ ದುರಾತ್ಮ ಒಳಗೆ ಬರುತ್ತೆ ಅಂದರು. ಶಿಲುಬೆ ಮೈಮೇಲಿದ್ದರೆ ರಕ್ಷಣೆ ಅಂತ ಗೆಳತಿ ಹೇಳುತ್ತಾಳೆ. ಮುಂದಿನ ತಿಂಗಳು ನನ್ನ ದೀಕ್ಷಾಸ್ನಾನ ಇದೆ, ನಮ್ಮ ಸಭೆಯಲ್ಲಿ ಮುಳುಗಿಸಿಯೇ ಕೊಡುವುದು. 17 ವರ್ಷದ ತಮ್ಮನೂ ನನ್ನ ಜೊತೆ ಹಾಕಿಸಿಕೊಳ್ಳುತ್ತೇನೆ ಅಂತಿದ್ದಾನೆ, ಅವನಿಗೆ ಸೇನೆ ಸೇರುವ ಆಸೆ. ಏನು ಮಾಡಲಿ?

ಉತ್ತರ: ಅಜ್ಜಿ ಹೋಗಿ ಮೂರೇ ತಿಂಗಳು. ದುಃಖ ಇನ್ನೂ ಹಸಿಯಾಗಿರುವಾಗ ಕೇಳಿದ್ದೀರಿ, ಆದ್ದರಿಂದ ಸುತ್ತಿಬಳಸದೆ ಹೇಳಿಬಿಡುತ್ತೇನೆ. ಚರ್ಮದೊಳಗೆ ಶಾಯಿ ಇರುವುದೇ ಪಾಪ ಎಂದು ಸತ್ಯವೇದ ಎಲ್ಲೂ ಹೇಳಿಲ್ಲ. ಹಾಗೆಂದು ಅಪ್ಪ ತೋರಿಸಿದ ವಚನವನ್ನು ‘ಅದು ಹಳೆಯ ಒಡಂಬಡಿಕೆ’ ಎಂದು ಪಕ್ಕಕ್ಕೆ ಸರಿಸುವಂತೆಯೂ ಇಲ್ಲ. ಚಂದಕ್ಕೆಂದು ಭುಜದ ಮೇಲೆ ಹೂಬಳ್ಳಿ ಬರೆಸಿಕೊಳ್ಳುವವರಿಗಿಂತ ನಿಮಗೇ ಆ ವಚನ ಹತ್ತಿರ, ಏಕೆಂದರೆ ಅದು ಮಾತಾಡುವುದೇ ಸತ್ತವರಿಗಾಗಿ ಅಳುವ ರೀತಿಯ ಬಗ್ಗೆ. ನನ್ನ ಸಲಹೆ ಇಷ್ಟು: ಹಾಕಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಈಗ ಬೇಡ. ದೀಕ್ಷಾಸ್ನಾನ ಮೊದಲು ಆಗಲಿ, ಅಪ್ಪನ ಜೊತೆ ಕೂತು ಒಂದು ಮಾತಾಗಲಿ, ಆ ಗುರುತಿನಿಂದ ನೀವು ಏನು ಬಯಸುತ್ತಿದ್ದೀರಿ ಎಂಬುದು ನಿಮಗೇ ಸ್ಪಷ್ಟವಾಗಲಿ. ತಮ್ಮನದು ಬೇರೆಯೇ ವಿಷಯ, ಕೊನೆಯ ಕಡೆ ಬರುತ್ತೇನೆ.

ಆ ವಚನ ಏನು ಹೇಳುತ್ತದೆ

ಸತ್ತವರಿಗಾಗಿ ಮೈಯನ್ನು ಕೊಯ್ದುಕೊಳ್ಳಬೇಡಿ, ಮೈಮೇಲೆ ಹಚ್ಚೆಯ ಗುರುತು ಹಾಕಿಸಿಕೊಳ್ಳಬೇಡಿ, ನಾನು ಯೆಹೋವನು. ಯಾಜಕಕಾಂಡ 19:28ರ ಸಾರ ಇದು. ಹೀಬ್ರೂ ಮೂಲದಲ್ಲಿ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳ ಹೆಸರಿದೆ. ಮೊದಲನೆಯದು ‘ಸೆರೆಟ್’, ಅಂದರೆ ಕೊಯ್ದ ಗಾಯ. ‘ಸತ್ತವರಿಗಾಗಿ’ ಎಂಬ ಮಾತು ವ್ಯಾಕರಣದ ಪ್ರಕಾರ ಅಂಟಿಕೊಂಡಿರುವುದು ಇದಕ್ಕೆ. ಎರಡನೆಯದು ‘ಕೆತೋವೆತ್ ಕಅಕಾ’. ‘ಕೆತೋವೆತ್’ ಎಂದರೆ ಬರವಣಿಗೆ. ‘ಕಅಕಾ’ ಎಂಬ ಪದ ಇಡೀ ಹಳೆಯ ಒಡಂಬಡಿಕೆಯಲ್ಲಿ ಇಲ್ಲೊಂದೇ ಕಡೆ ಬರುತ್ತದೆ. ಹೋಲಿಸಿ ನೋಡಲು ಇನ್ನೊಂದು ವಚನವಿಲ್ಲ. ಹಾಗಾಗಿ ಅನುವಾದಕರು ಸಂದರ್ಭವನ್ನೂ ಯೆಹೂದಿ ಪರಂಪರೆಯ ವಿವರಣೆಯನ್ನೂ ಹಿಡಿದು ‘ಹಚ್ಚೆ’ ಎಂದಿದ್ದಾರೆ. ಅನುವಾದ ಸರಿಯಾಗಿಯೇ ಇದೆ, ಆದರೆ ಆ ಒಂದೇ ಪದದ ಮೇಲೆ ದೊಡ್ಡ ಕಟ್ಟಡ ಕಟ್ಟಲು ಆಗುವುದಿಲ್ಲ.

ಮೈ ಕೊಯ್ದುಕೊಂಡು ಅಳುವುದು ಆ ಕಾಲದಲ್ಲಿ ಎಲ್ಲೆಡೆ ಇದ್ದ ವಾಡಿಕೆ. ಇಂದಿನ ಸಿರಿಯಾದ ಕರಾವಳಿಯಲ್ಲಿರುವ ಉಗಾರಿತ್ ಎಂಬ ಪುರಾತನ ಪಟ್ಟಣದಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಬಾಳ ಎಂಬ ದೇವತೆಯ ಕಥೆಯಿದೆ. ಬಾಳ ಸತ್ತ ಸುದ್ದಿ ಕೇಳಿ ಏಲ್ ದೇವತೆ ಕಲ್ಲಿನಿಂದ ತನ್ನ ಚರ್ಮ ಕೊಯ್ದುಕೊಳ್ಳುತ್ತಾನೆ. 1 ಅರಸುಗಳು 18:28ರಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳು ರಕ್ತ ಸುರಿಯುವ ತನಕ ಕೊಯ್ದುಕೊಳ್ಳುವುದು ಇದೇ ಜಾತಿಯದು. ಯೆರೆಮೀಯ 41:5 ಓದಿ ನೋಡಿ: ಗಡ್ಡ ಬೋಳಿಸಿ, ಬಟ್ಟೆ ಹರಿದು, ಮೈ ಗಾಯ ಮಾಡಿಕೊಂಡ 80 ಜನ ಯೆಹೋವನ ಆಲಯಕ್ಕೇ ಕಾಣಿಕೆ ತರುತ್ತಿದ್ದಾರೆ. ನಿಷೇಧವಿದ್ದರೂ ಆಚರಣೆ ನಿಂತಿರಲಿಲ್ಲ ಎಂದಾಯಿತು.

ಮೈಮೇಲೆ ಬರೆಯುವುದಕ್ಕೆ ಇನ್ನೊಂದು ಅರ್ಥವೂ ಇತ್ತು: ಒಡೆತನ. ಬಾಬಿಲೋನಿಯದ ಉರುಕ್ ಪಟ್ಟಣದ ಇಷ್ಟಾರ್ ದೇವತೆಯ ಗುಡಿಗೆ ಸೇರಿದ ಆಳುಗಳ ಕೈಮೇಲೆ ನಕ್ಷತ್ರದ ಗುರುತು ಹಾಕುತ್ತಿದ್ದರು. ಕೈ ನೋಡಿದರೆ ಸಾಕು, ಯಾರ ಸೊತ್ತು ಎಂದು ಗೊತ್ತಾಗುತ್ತಿತ್ತು. ಈ ಹಿನ್ನೆಲೆಯಲ್ಲಿ ವಚನದ ಕೊನೆಯ ಮಾತು ಕೇಳಿ: ‘ನಾನು ಯೆಹೋವನು’. ನೀವು ಯಾರವರು ಎಂಬ ಪ್ರಶ್ನೆ ಅಲ್ಲಿದೆ. ಸಾವಿಗೂ ಸೇರಿದವರಲ್ಲ, ಆ ಗುಡಿಯ ದೇವತೆಗೂ ಸೇರಿದವರಲ್ಲ, ನನ್ನವರು ಎಂದು ಹೇಳಿದ ಹಾಗೆ. ಧರ್ಮೋಪದೇಶಕಾಂಡ 14:1 ಇದನ್ನೇ ಬಿಡಿಸಿ ಹೇಳುತ್ತದೆ: ನೀವು ದೇವರ ಮಕ್ಕಳು, ಆದ್ದರಿಂದ ಸತ್ತವರಿಗಾಗಿ ಮೈ ಕೊಯ್ದುಕೊಳ್ಳಬೇಡಿ.

ಯೆಹೂದಿ ಗುರುಗಳೂ ಈ ಗೆರೆ ಎಲ್ಲಿ ಎಳೆಯಬೇಕು ಎಂದು ಚರ್ಚಿಸಿದ್ದಾರೆ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಯೆಹೂದಿ ಕಟ್ಟಳೆಗಳ ಗ್ರಂಥ ಮಿಷ್ನಾದ ಮಕ್ಕೋತ್ 3:6ರ ಪ್ರಕಾರ ಬರೆದರಷ್ಟೇ ಸಾಲದು, ಚುಚ್ಚಿದರಷ್ಟೇ ಸಾಲದು, ಎರಡೂ ಸೇರಿ ಅಳಿಯದ ಗುರುತಾದರೆ ಮಾತ್ರ ತಪ್ಪು. ಅಲ್ಲೇ ರಬ್ಬಿ ಶಿಮೋನರ ಹೆಸರಿನಲ್ಲಿ ಇನ್ನೂ ಸಡಿಲವಾದ ಅಭಿಪ್ರಾಯವಿದೆ: ‘ಹೆಸರು’ ಬರೆದರೆ ಮಾತ್ರ ತಪ್ಪು. ಅದು ಅನ್ಯದೇವತೆಯ ಹೆಸರು ಎಂದು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥ ತಾಲ್ಮೂದ್ ವಿವರಿಸುತ್ತದೆ. ಆದರೂ ಮುಖ್ಯ ಯೆಹೂದಿ ಪರಂಪರೆ ಎಲ್ಲ ಹಚ್ಚೆಯನ್ನೂ ಬೇಡವೆಂದೇ ಉಳಿಸಿಕೊಂಡಿತು. ‘ಆ ವಚನ ಬರೀ ಶೋಕಾಚರಣೆಗೆ ಸಂಬಂಧಿಸಿದ್ದು’ ಎಂದು ಅಂತರ್ಜಾಲದಲ್ಲಿ ಸಲೀಸಾಗಿ ಹೇಳುವವರನ್ನು ಪೂರ್ತಿ ನಂಬಬೇಡಿ. ಮೊದಲರ್ಧಕ್ಕೆ ಅದು ಖಂಡಿತ ನಿಜ, ಎರಡನೆಯ ಅರ್ಧಕ್ಕೆ ಅಷ್ಟು ಖಂಡಿತವಾಗಿ ಹೇಳಲಾಗದು.

ಕ್ರೈಸ್ತರಿಗೆ ಅದು ಎಷ್ಟು ಅನ್ವಯ

ಅಪ್ಪ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವವರಾದರೆ ಅದರ ಹಿಂದಿನ ವಚನ, 19:27, ಅವರಿಗೂ ಅಡ್ಡಬರುತ್ತದೆ. 19:19 ಎರಡು ತರದ ನೂಲು ಬೆರೆತ ಬಟ್ಟೆ ಬೇಡ ಎನ್ನುತ್ತದೆ. ಇದನ್ನು ಅಪ್ಪನನ್ನು ಕಟ್ಟಿಹಾಕಲು ಬಳಸಬೇಡಿ, ಏಕೆಂದರೆ ಅದೇ ಅಧ್ಯಾಯದ 18ನೆಯ ವಚನ ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎನ್ನುತ್ತದೆ, 29ನೆಯದು ಮಗಳನ್ನು ಸೂಳೆಗಾರಿಕೆಗೆ ದೂಡಬೇಡ ಎನ್ನುತ್ತದೆ, 32ನೆಯದು ನರೆಗೂದಲಿನ ಮುಂದೆ ಎದ್ದು ನಿಲ್ಲು ಎನ್ನುತ್ತದೆ. ಅವನ್ನು ಯಾರೂ ಹಳೆಯದಾಯಿತು ಅನ್ನುವುದಿಲ್ಲ. ಇಸ್ರಾಯೇಲನ್ನು ಸುತ್ತಣ ಜನರಿಂದ ಬೇರೆಯಾಗಿಡಲು ಕೊಟ್ಟ ಗುರುತಿನ ನಿಯಮಗಳು ಬೇರೆ, ಎಂದಿಗೂ ಬದಲಾಗದ ನೀತಿ ಬೇರೆ ಎಂದು ಸಭೆಗಳು ಮೊದಲಿನಿಂದ ವಿಂಗಡಿಸಿಕೊಂಡು ಬಂದಿವೆ. ಅನ್ಯಜನರಿಂದ ಬಂದ ವಿಶ್ವಾಸಿಗಳ ಮೇಲೆ ಏನು ಹೊರಿಸಬೇಕು ಎಂಬ ಪ್ರಶ್ನೆ ಯೆರೂಸಲೇಮಿನ ಸಭೆಗೆ ಬಂದಾಗ (ಅಪೊಸ್ತಲರ ಕೃತ್ಯಗಳು 15) ಅವರು ಕೊಟ್ಟ ಪಟ್ಟಿ ನಾಲ್ಕೇ: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ. ಹಚ್ಚೆ ಅದರಲ್ಲಿಲ್ಲ.

‘ನಿಮ್ಮ ದೇಹ ಪವಿತ್ರಾತ್ಮನ ಆಲಯ’ (1 ಕೊರಿಂಥ 6:19) ಎಂಬ ವಚನವನ್ನೂ ಯಾರಾದರೂ ನಿಮ್ಮ ಮುಂದಿಟ್ಟೇ ಇಡುತ್ತಾರೆ. ಪೌಲ ಅಲ್ಲಿ ಬರೆಯುತ್ತಿರುವುದು ಹಾದರದ ಬಗ್ಗೆ. ಅದನ್ನು ಹಚ್ಚೆಯ ನಿಷೇಧವಾಗಿ ಎಳೆಯುವುದು ಸರಿಯಲ್ಲ. ಆದರೆ ಮುಂದಿನ ಸಾಲು, ನೀವು ನಿಮ್ಮ ಸ್ವಂತ ಸೊತ್ತಲ್ಲ, ಬೆಲೆಗೆ ಕೊಳ್ಳಲ್ಪಟ್ಟವರು ಎಂಬುದು ಮೈಗೆ ಮಾಡುವ ಎಲ್ಲದಕ್ಕೂ ತಾಗುತ್ತದೆ. ‘ನನ್ನ ಮೈ, ನನ್ನ ಇಷ್ಟ’ ಎಂಬ ವಾದವೊಂದನ್ನು ಮಾತ್ರ ದೀಕ್ಷಾಸ್ನಾನಕ್ಕೆ ಸಿದ್ಧವಾಗುತ್ತಿರುವವರು ಮಾಡುವಂತಿಲ್ಲ.

ಅದೇ ಪೌಲ ಗಲಾತ್ಯ 6:17ರಲ್ಲಿ ಯೇಸುವಿನ ಗುರುತುಗಳು ನನ್ನ ಮೈಮೇಲಿವೆ ಎನ್ನುತ್ತಾನೆ. ಗ್ರೀಕಿನಲ್ಲಿ ಬಳಸಿದ ಪದ ‘ಸ್ತಿಗ್ಮಾತಾ’. ಓಡಿಹೋದ ಗುಲಾಮರಿಗೂ ಅಪರಾಧಿಗಳಿಗೂ ಚುಚ್ಚುತ್ತಿದ್ದ ಹಚ್ಚೆಗೆ ಆಗ ಇದ್ದ ಪದವೇ ಅದು. ಪೌಲ ಹಚ್ಚೆ ಹಾಕಿಸಿಕೊಂಡಿದ್ದನೆಂದು ಅರ್ಥವಲ್ಲ. ಐದು ಸಾರಿ ಮೂವತ್ತೊಂಬತ್ತು ಏಟು, ಮೂರು ಸಾರಿ ಕೋಲಿನ ಹೊಡೆತ, ಒಂದು ಸಾರಿ ಕಲ್ಲೆಸೆತ ಎಂದು ಅವನೇ ಲೆಕ್ಕ ಕೊಟ್ಟಿದ್ದಾನೆ (2 ಕೊರಿಂಥ 11:24-25). ಆ ಗಾಯದ ಕಲೆಗಳನ್ನೇ ಅವನು ಯಜಮಾನನ ಹಚ್ಚೆ ಎಂದು ಕರೆದ.

ಶಿಲುಬೆಯ ಹಚ್ಚೆ ಹೊಸದಲ್ಲ

ಕ್ರೈಸ್ತರು ಹಚ್ಚೆ ಹಾಕಿಸಿಕೊಳ್ಳುವುದು ಬ್ರಿಗೇಡ್ ರೋಡಿನ ಸ್ಟುಡಿಯೋಗಳಿಂದ ಶುರುವಾದದ್ದು ಎಂದು ಅನೇಕ ಹಿರಿಯರು ತಿಳಿದಿದ್ದಾರೆ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ತಲೆತಲಾಂತರದಿಂದ ಬಲ ಮಣಿಕಟ್ಟಿನ ಒಳಬದಿಗೆ ಪುಟ್ಟ ಶಿಲುಬೆ ಚುಚ್ಚಿಸಿಕೊಳ್ಳುತ್ತಾರೆ. ನೀವು ಆಸೆಪಟ್ಟ ಜಾಗವೇ. ಇಥಿಯೋಪಿಯ, ಎರಿಟ್ರಿಯಗಳಲ್ಲಿ ಹೆಂಗಸರ ಹಣೆಯ ಮೇಲೆ ಶಿಲುಬೆ ಕಾಣುತ್ತದೆ. ಯೆರೂಸಲೇಮಿನ ಹಳೆಯ ಪಟ್ಟಣದಲ್ಲಿ ರಝ್ಝೂಕ್ ಎಂಬ ಕಾಪ್ಟಿಕ್ ಮೂಲದ ಮನೆತನ ಇಂದಿಗೂ ಮರದ ಅಚ್ಚುಗಳನ್ನು ಚರ್ಮದ ಮೇಲೊತ್ತಿ ಯಾತ್ರಿಕರಿಗೆ ಹಚ್ಚೆ ಹಾಕುತ್ತದೆ. ಪರಂಪರೆ 700 ವರ್ಷದ್ದೆಂದು ಆ ಮನೆಯವರು ಹೇಳಿಕೊಳ್ಳುತ್ತಾರೆ.

ವಿರೋಧವೂ ಅಷ್ಟೇ ಹಳೆಯದು. 4ನೆಯ ಶತಮಾನದ ಮೊದಲ ಭಾಗದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಅಪರಾಧಿಗಳ ಮುಖಕ್ಕೆ ಗುರುತು ಹಾಕುವುದನ್ನು ನಿಲ್ಲಿಸಿದ. ಮುಖ ದೈವಿಕ ಚೆಲುವಿನ ಹೋಲಿಕೆಯಲ್ಲಿ ಆಗಿದೆ, ಅದನ್ನು ಕೆಡಿಸಬಾರದು ಎಂಬುದು ಅವನ ಕಾರಣ. ಕೈಗೂ ಮೀನಖಂಡಕ್ಕೂ ಮಾತ್ರ ಹಾಕಬಹುದಿತ್ತು. 787ರಲ್ಲಿ ಇಂಗ್ಲೆಂಡಿನ ನಾರ್ತಂಬ್ರಿಯಾದ ಸಭೆಯ ವರದಿ ಹಚ್ಚೆಯನ್ನು ಎರಡಾಗಿ ವಿಂಗಡಿಸಿತು: ದೇವರಿಗಾಗಿ ಆ ನೋವು ಪಟ್ಟರೆ ಅದಕ್ಕೆ ಪ್ರತಿಫಲ, ಅನ್ಯರ ಮೂಢನಂಬಿಕೆಯಿಂದ ಮಾಡಿದರೆ ಏನೂ ಪ್ರಯೋಜನವಿಲ್ಲ. ಆ ವಿಂಗಡಣೆ ನನಗೆ ಇಂದಿಗೂ ಸರಿಯೆನಿಸುತ್ತದೆ. ಕಥೋಲಿಕ ಧರ್ಮೋಪದೇಶದ ಗ್ರಂಥದಲ್ಲಿ ಹಚ್ಚೆಯ ನಿಷೇಧವಿಲ್ಲ. 2018ರ ಮಾರ್ಚ್‌ನಲ್ಲಿ ಯುವಜನರೊಂದಿಗೆ ಮಾತಾಡುತ್ತಾ ಪೋಪ್ ಫ್ರಾನ್ಸಿಸ್ ಹಚ್ಚೆಗೆ ಹೆದರಬೇಡಿ ಎಂದು ಎರಿಟ್ರಿಯದ ಹಣೆಯ ಶಿಲುಬೆಗಳನ್ನೇ ಉದಾಹರಿಸಿದ್ದರು. ಪೆಂತೆಕೊಸ್ತ್ ಮತ್ತು ಬ್ರದರನ್ ಸಭೆಗಳ ಅನೇಕ ಬೋಧಕರು ಬೇಡ ಎನ್ನುತ್ತಾರೆ. ನಿಮ್ಮ ಸಭೆಯ ನಿಲುವು ಏನೆಂದು ಪಾಸ್ಟರನ್ನು ಮೊದಲೇ ಕೇಳಿಕೊಳ್ಳಿ. ಗಾಯನ ತಂಡದಲ್ಲೋ ಭಾನುವಾರದ ಶಾಲೆಯಲ್ಲೋ ಸೇವೆ ಮಾಡುವವರಿಗೆ ಕೆಲವು ಸಭೆಗಳಲ್ಲಿ ಬೇರೆ ನಿಯಮವಿರುತ್ತದೆ.

ನಿಮ್ಮಜ್ಜಿಯ ಹಚ್ಚೆಯ ಮಾತು. ನಮ್ಮ ನಾಡಿನಲ್ಲಿ ಕೊರವಂಜಿಯರು ಮನೆಬಾಗಿಲಿಗೆ ಬಂದು ಸೂಜಿಯಿಂದ ಹಚ್ಚೆ ಹೊಯ್ಯುತ್ತಿದ್ದರು. ದೀಪದ ಕಾಡಿಗೆಯನ್ನು ಎದೆಹಾಲಿನಲ್ಲೋ ಸೊಪ್ಪಿನ ರಸದಲ್ಲೋ ಕಲಸಿದ್ದೇ ಶಾಯಿ. ಹಾಕುವಾಗ ಅದು ಕಪ್ಪು. ಇಂಗಾಲದ ಮೇಲಿರುವ ಚರ್ಮ ನೀಲಿ ಬೆಳಕನ್ನೇ ಹೆಚ್ಚಾಗಿ ಚದುರಿಸಿ ಹೊರಗೆ ಕಳಿಸುವುದರಿಂದ ನಮ್ಮ ಕಣ್ಣಿಗೆ ಹಸಿರು-ನೀಲಿಯಾಗಿ ಕಾಣುತ್ತದೆ. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿತ್ತು. ಆ ಕೈಯನ್ನೇ ಚಾಚಿ ಕರ್ತನ ಭೋಜನದ ರೊಟ್ಟಿ ತೆಗೆದುಕೊಂಡ ಹೆಂಗಸರು ಕರ್ನಾಟಕದ ಸಭೆಗಳಲ್ಲಿ ಸಾವಿರಾರು ಜನ ಇದ್ದರು, ಇದ್ದಾರೆ. ಹಚ್ಚೆ ಅಳಿಸಿಕೊಂಡು ಬನ್ನಿ ಎಂದು ಅವರನ್ನು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ದುರಾತ್ಮ ಮತ್ತು ರಕ್ಷಣೆ

ಆಂಟಿ ಹೇಳಿದ್ದೂ ಗೆಳತಿ ಹೇಳಿದ್ದೂ ಎದುರು ಬದುರು ಅನಿಸಬಹುದು. ನೋಡಿದರೆ ಎರಡೂ ಒಂದೇ ನಂಬಿಕೆ: ಶಾಯಿಗೆ ಶಕ್ತಿಯಿದೆ ಎಂಬುದು. ಒಬ್ಬರ ಲೆಕ್ಕದಲ್ಲಿ ಅದು ಬಾಗಿಲು, ಇನ್ನೊಬ್ಬರ ಲೆಕ್ಕದಲ್ಲಿ ಬೀಗ.

ಚುಚ್ಚಿದ ಚರ್ಮದ ಮೂಲಕ ದುರಾತ್ಮ ಬರುತ್ತದೆ ಎಂದು ಸತ್ಯವೇದದಲ್ಲಿ ಒಂದು ವಚನವೂ ಇಲ್ಲ. ಹೊರಗಿನಿಂದ ಒಳಹೋಗುವುದು ಮನುಷ್ಯನನ್ನು ಅಶುದ್ಧಗೊಳಿಸದು, ಹೃದಯದಿಂದ ಹೊರಡುವುದು ಅಶುದ್ಧಗೊಳಿಸುತ್ತದೆ ಎಂದು ಯೇಸು ಮಾರ್ಕ 7ರಲ್ಲಿ ಹೇಳುವಾಗ ಮಾತು ಊಟದ ಬಗ್ಗೆಯಾದರೂ ತತ್ವ ಇಲ್ಲಿಗೂ ಹೊಂದುತ್ತದೆ. ಆಂಟಿಯ ಕಾಳಜಿಯಲ್ಲಿ ತೆಗೆದುಕೊಳ್ಳಬೇಕಾದದ್ದು ಒಂದಿದೆ: ಬರೆಸಿಕೊಳ್ಳುವ ಚಿತ್ರಕ್ಕೆ ಅರ್ಥವಿರುತ್ತದೆ. ಸ್ಟುಡಿಯೋದ ಪುಸ್ತಕದಲ್ಲಿ ಚಂದ ಕಂಡಿತೆಂದು ಮಂತ್ರಯಂತ್ರವನ್ನೋ ಯಾವುದೋ ಪಂಥದ ಪೂಜಾಚಿಹ್ನೆಯನ್ನೋ ಅರ್ಥ ತಿಳಿಯದೆ ಆರಿಸಿಕೊಳ್ಳಬಾರದು. ‘ಮೃಗದ ಗುರುತು’ ಎಂಬ ಹೆದರಿಕೆ ಬೇಡ. ಪ್ರಕಟನೆ 13ರ ಗುರುತು ಮೃಗವನ್ನು ಆರಾಧಿಸುವವರದು, ಅದರ ಮುಂದಿನ ಅಧ್ಯಾಯದ ಮೊದಲ ವಚನದಲ್ಲೇ ಕುರಿಮರಿಯ, ಅಂದರೆ ಕ್ರಿಸ್ತನ, ಹೆಸರು ಹಣೆಯ ಮೇಲಿರುವವರೂ ಇದ್ದಾರೆ.

ಗೆಳತಿಯ ಮಾತೇ ನನಗೆ ಹೆಚ್ಚು ಚಿಂತೆ ತರುವುದು. ರಕ್ಷಣೆಗೆಂದು ಹಾಕಿಸಿಕೊಂಡ ಶಿಲುಬೆ ತಾಯಿತವಾಗುತ್ತದೆ. ಅರಣ್ಯಕಾಂಡ 21ರಲ್ಲಿ ದೇವರೇ ಮಾಡಿಸಿದ ತಾಮ್ರದ ಸರ್ಪಕ್ಕೆ ಮುಂದೆ ಏನಾಯಿತೆಂದು ನೆನಪಿಸಿಕೊಳ್ಳಿ. ನೂರಾರು ವರ್ಷದ ಮೇಲೆ ಜನ ಅದಕ್ಕೇ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನು ಚೂರುಚೂರು ಮಾಡಿಸಿದ (2 ಅರಸುಗಳು 18:4). ದೇವರ ಆಜ್ಞೆಯಿಂದ ಬಂದ ವಸ್ತುವಿಗೇ ಆ ಗತಿಯಾದರೆ ಸ್ಟುಡಿಯೋದಲ್ಲಿ ಹಾಕಿಸಿದ ಶಿಲುಬೆಗೆ ಆಗದೆ ಇರುತ್ತದೆಯೇ? ನಿಮಗೊಂದು ಪರೀಕ್ಷೆ ಹೇಳುತ್ತೇನೆ. ನಾಳೆ ಸುಟ್ಟಗಾಯವಾಗಿ ಆ ಶಿಲುಬೆ ಅಳಿಸಿಹೋಯಿತು ಎಂದುಕೊಳ್ಳಿ. ಬೇಸರವಾದರೆ ಸಹಜ. ದೇವರು ದೂರವಾದರು, ಅಜ್ಜಿ ಇನ್ನೊಮ್ಮೆ ಸತ್ತರು ಎಂದು ಎದೆ ಬಡಿದುಕೊಂಡರೆ ಆ ಗುರುತಿನ ಮೇಲೆ ಅದು ಹೊರಲಾರದ ಭಾರ ಹೊರಿಸಿದ್ದೀರಿ.

ದುಃಖದ ಮಾತೂ ಇದಕ್ಕೆ ಸೇರಿದ್ದೇ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು 1 ಥೆಸಲೊನೀಕ 4:13 ಹೇಳುತ್ತದೆ. ದುಃಖಿಸಲೇಬೇಡಿ ಎನ್ನುವುದಿಲ್ಲ. ಅಜ್ಜಿಯನ್ನು ಹಿಡಿದಿಟ್ಟುಕೊಳ್ಳಲು ಹಾಕಿಸುವ ಹಚ್ಚೆ ಬೇರೆ, ಅಜ್ಜಿಯನ್ನು ದೇವರ ಕೈಗೆ ಒಪ್ಪಿಸಿದ ಮೇಲೆ ಕೃತಜ್ಞತೆಗೆ ಹಾಕಿಸುವುದು ಬೇರೆ. ಮೂರನೆಯ ತಿಂಗಳಿನಲ್ಲಿ ಈ ಎರಡರ ವ್ಯತ್ಯಾಸ ಗೊತ್ತಾಗುವುದು ಕಷ್ಟ. ನವೆಂಬರ್ 2ರ ಮೃತರ ಸ್ಮರಣೆಗೆ ಕಲ್ಪಳ್ಳಿಯಲ್ಲೋ ಹೊಸೂರು ರಸ್ತೆಯ ಸ್ಮಶಾನದಲ್ಲೋ ಜನ ಸಮಾಧಿ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ನಿಮ್ಮ ಸಭೆಯಲ್ಲಿ ಆ ದಿನ ಆಚರಿಸದಿದ್ದರೂ ಸರಿ, ಅಜ್ಜಿಯ ಸಮಾಧಿಯ ಹತ್ತಿರ ಹೋಗಿ ಬನ್ನಿ, ಮೊದಲ ವರ್ಷ ತುಂಬಲಿ. ಆಮೇಲೂ ಆಸೆ ಇದ್ದರೆ ಅದು ಗಟ್ಟಿಯಾದ ಆಸೆ.

ದೀಕ್ಷಾಸ್ನಾನ ಮೊದಲು ಏಕೆ

ಮೈಗೆ ಸಂಬಂಧಿಸಿದ ಕಾರಣ ಮೊದಲು. ಹಚ್ಚೆಯ ಸೂಜಿ ಮೇಲ್ಪದರ ದಾಟಿ ಒಳಚರ್ಮಕ್ಕೆ, ಸುಮಾರು 1ರಿಂದ 2 ಮಿಲಿಮೀಟರ್ ಆಳಕ್ಕೆ ಶಾಯಿ ಬಿಡುತ್ತದೆ. ಮೇಲೇ ಉಳಿದರೆ ಕೆಲವೇ ವಾರದಲ್ಲಿ ಚರ್ಮದ ಜೊತೆ ಉದುರಿಹೋಗುತ್ತದೆ, ಆಳಕ್ಕೆ ಇಳಿದರೆ ಗೆರೆಯ ಸುತ್ತ ನೀಲಿ ಮಬ್ಬು ಹರಡುತ್ತದೆ. ಮಣಿಕಟ್ಟಿನ ಒಳಬದಿಯ ಚರ್ಮ ತೆಳು, ಆದ್ದರಿಂದ ಅಲ್ಲಿ ಈ ಹರಡುವಿಕೆ ಸುಲಭ. ಹೇಗೇ ಹಾಕಿದರೂ ಅದು ತೆರೆದ ಗಾಯ. ಮೇಲ್ಭಾಗ ಮಾಯಲು 2ರಿಂದ 4 ವಾರ ಬೇಕು, ಒಳಗೆ ಪೂರ್ತಿ ಮಾಯಲು ಇನ್ನೂ ಹೆಚ್ಚು. ಆ ಸಮಯದಲ್ಲಿ ತೊಟ್ಟಿ, ಕೆರೆ, ಈಜುಕೊಳದ ನೀರಿನಲ್ಲಿ ಮುಳುಗಬಾರದು. ಒಂದೇ ತೊಟ್ಟಿಯಲ್ಲಿ ಹತ್ತು ಜನ ಇಳಿಯುವ ದೀಕ್ಷಾಸ್ನಾನದ ದಿನ ಹಸಿ ಹಚ್ಚೆಯಿದ್ದರೆ ಸೋಂಕು ತಗಲುವ ಸಾಧ್ಯತೆ ಹೆಚ್ಚು.

ಇನ್ನೊಂದು ಕಾರಣ ಅದಕ್ಕಿಂತ ದೊಡ್ಡದು. ವಿಶ್ವಾಸಿಯ ಮೇಲೆ ಬಿದ್ದ ಮುದ್ರೆ ಪವಿತ್ರಾತ್ಮನದು ಎಂದು ಎಫೆಸ 1:13 ಹೇಳುತ್ತದೆ. ನೀರಿನಿಂದ ಎದ್ದು ಬಂದ ಮೇಲೆ ಒರೆಸಿಕೊಂಡರೆ ಮೈಮೇಲೆ ಏನೂ ಉಳಿದಿರುವುದಿಲ್ಲ, ಆದರೂ ನೀವು ಕ್ರಿಸ್ತನವರು. ಕಣ್ಣಿಗೆ ಕಾಣದ ಆ ಗುರುತು ಸಾಕು ಎಂದು ಕೆಲವು ತಿಂಗಳು ಬಾಳಿ ನೋಡಿ.

ಹಾಕಿಸುವುದೇ ಆದರೆ

ಹೆಸರು ಕನ್ನಡದಲ್ಲಿ ಬರೆಸುತ್ತೀರೆಂದು ಭಾವಿಸುತ್ತೇನೆ. ಹೆಚ್ಚು ತಪ್ಪಾಗುವುದು ಇಲ್ಲೇ. ವಿನ್ಯಾಸದ ಸಾಫ್ಟ್‌ವೇರ್‌ಗೆ ಕನ್ನಡ ಪಠ್ಯ ಅಂಟಿಸಿದಾಗ ಎಷ್ಟೋ ಸಾರಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ‘ಕ್ರಿಸ್ತ’ ಎಂಬುದು ‘ಕ್‌ರಿಸ್‌ತ’ ಆಗಿ ಕೂರುತ್ತದೆ. ಕನ್ನಡ ಓದಲು ಬಾರದ ಕಲಾವಿದರಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಪಠ್ಯ ಕಳಿಸಬೇಡಿ, ಸರಿಯಾಗಿ ಅಚ್ಚಾದ ಚಿತ್ರ ಕೊಡಿ. ಸ್ಟೆನ್ಸಿಲ್ ಚರ್ಮದ ಮೇಲೆ ಒತ್ತಿದ ಮೇಲೆ, ಸೂಜಿ ತಾಗುವ ಮುಂಚೆ, ಜೊತೆಗೆ ಬಂದ ಇನ್ನೊಬ್ಬರಿಂದ ಜೋರಾಗಿ ಓದಿಸಿ. ನಮ್ಮ ಲಿಪಿ ದುಂಡು. ವರ್ಷಗಳು ಕಳೆದಂತೆ ಗೆರೆ ದಪ್ಪವಾಗಿ ಸುಳಿಗಳು ಮುಚ್ಚಿಕೊಳ್ಳುತ್ತವೆ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಮೂಲಾಕ್ಷರವೇ 8 ಮಿಲಿಮೀಟರ್‌ಗಿಂತ ಕಡಿಮೆ ಎತ್ತರ ಬೇಡ, ಒತ್ತಿಗೆ ಕೆಳಗೆ ಜಾಗ ಬಿಡಿಸಿ. ಇಸವಿಯನ್ನು ಕನ್ನಡ ಅಂಕಿಯಲ್ಲಿ ಬರೆಸಿದರೆ ೧ರ ಬಾಯಿ ಮುಚ್ಚಿ ೦ ಆಗುವ ಅಪಾಯವಿದೆ.

ಹೀಬ್ರೂವಿನಲ್ಲಿ ವಚನ ಬರೆಸುವ ಆಸೆಯಿದ್ದರೆ ಬಿಟ್ಟುಬಿಡಿ ಎನ್ನುತ್ತೇನೆ. ಬಲದಿಂದ ಎಡಕ್ಕೆ ಓದುವ ಲಿಪಿ ಸಾಫ್ಟ್‌ವೇರ್‌ನಲ್ಲಿ ತಿರುಗುಮುರುಗಾಗುತ್ತದೆ. ಅದಕ್ಕಿಂತ ಸೂಕ್ಷ್ಮ ತೊಂದರೆ ‘ದಾಲೆತ್’ ಮತ್ತು ‘ರೇಶ್’ ಅಕ್ಷರಗಳದು. ಎರಡಕ್ಕೂ ವ್ಯತ್ಯಾಸ ಮೂಲೆಯಲ್ಲಿ ಚಾಚಿದ ಚಿಕ್ಕ ತುದಿಯಷ್ಟೇ. ‘ಯೆಹೋವನು ಒಬ್ಬನೇ’ ಎಂಬ ಧರ್ಮೋಪದೇಶಕಾಂಡ 6:4ರಲ್ಲಿ ‘ಎಹಾದ್’ ಎಂಬುದರ ಕೊನೆಯ ದಾಲೆತ್‌ನ ತುದಿ ಮಾಸಿದರೆ ಅದು ‘ಅಹೇರ್’ ಆಗುತ್ತದೆ, ಅಂದರೆ ‘ಬೇರೊಬ್ಬ’. ಈ ಗೊಂದಲ ಆಗದಿರಲೆಂದೇ ಸುರುಳಿ ಬರೆಯುವವರು ಆ ಅಕ್ಷರವನ್ನು ದೊಡ್ಡದಾಗಿ ಬರೆಯುತ್ತಾರೆ.

ಶಿಲುಬೆಯ ದಿಕ್ಕನ್ನು ಕೈ ಕೆಳಗೆ ಇಳಿಬಿಟ್ಟು ನಿಂತು ನೋಡಿ ಗೊತ್ತುಮಾಡಿ. ನೀವು ಓದಲೆಂದು ಕೈ ಮಡಚಿ ಹಾಕಿಸಿದರೆ ಇಳಿಬಿಟ್ಟಾಗ ಎದುರಿನವರಿಗೆ ಅದು ತಲೆಕೆಳಗಾಗಿ ಕಾಣುತ್ತದೆ. ಪರಂಪರೆಯಲ್ಲಿ ತಲೆಕೆಳಗಾದ ಶಿಲುಬೆ ಹಾಗೆಯೇ ಶಿಲುಬೆಗೇರಿದನೆನ್ನುವ ಅಪೊಸ್ತಲ ಪೇತ್ರನದು, ಆದರೆ ಇಂದು ನೋಡಿದವರು ಸೈತಾನನ ಗುರುತೆಂದೇ ತಿಳಿಯುತ್ತಾರೆ. ಯೇಸುವಿನ ಮುಖದಂಥ ಸೂಕ್ಷ್ಮ ಚಿತ್ರ ಮಣಿಕಟ್ಟಿನಷ್ಟು ಜಾಗದಲ್ಲಿ ಬೇಡ, ಹತ್ತು ವರ್ಷದಲ್ಲಿ ಗುರುತು ಸಿಗದಂತಾಗುತ್ತದೆ.

ಜಾತ್ರೆ, ಹಬ್ಬದ ಅಂಗಡಿಗಳಲ್ಲಿ ಹಾಕಿಸಬೇಡಿ. ಒಂದೇ ಸೂಜಿ, ಒಂದೇ ಶಾಯಿಬಟ್ಟಲು ಎಲ್ಲರಿಗೂ ಬಳಕೆಯಾದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಸ್ಟುಡಿಯೋದಲ್ಲಿ ಸೀಲ್ ಇರುವ ಸೂಜಿಯನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಶಾಯಿಯನ್ನು ಪುಟ್ಟ ಮುಚ್ಚಳಕ್ಕೆ ಸುರಿದು ಉಳಿದದ್ದನ್ನು ಚೆಲ್ಲಬೇಕು, ಫೋನ್ ಮುಟ್ಟಿದ ಕೈಗವಸು ಬದಲಿಸಬೇಕು. ಶಾಯಿಯ ಹೆಸರು ಕೇಳಿ, ಕಪ್ಪು ಒಂದೇ ಸಾಕು. ಅಲರ್ಜಿ ಹೆಚ್ಚಾಗಿ ಕಾಣುವುದು ಕೆಂಪಿನಲ್ಲಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ 0, 1, 6ನೆಯ ತಿಂಗಳ ಮೂರು ಡೋಸ್ ಮೊದಲು ಮುಗಿಸಿ. ವರ್ಷ ಕಾಯಿರಿ ಅಂದೆನಲ್ಲ, ಆ ಸಮಯ ಇದಕ್ಕೆ ಸರಿಹೋಗುತ್ತದೆ. ಹಳೆಯ ಗಾಯಗಳು ಉಬ್ಬಿ ಗಂಟಾಗುವ ಮೈ ನಿಮ್ಮದಾದರೆ, ಅಂದರೆ ಕೀಲಾಯ್ಡ್ ಇದ್ದರೆ, ಹಾಕಿಸಲೇಬೇಡಿ. ಹಾಕಿಸಿದ ಮೇಲೆ ವಾಸನೆಯಿಲ್ಲದ ಸೋಪಿನಿಂದ ದಿನಕ್ಕೆರಡು ಸಲ ತೊಳೆದು, ಒತ್ತಿ ಒರೆಸಿ, ಮುಲಾಮನ್ನು ತೆಳ್ಳಗೆ ಸವರಿ. ಅರಿಶಿನ, ಕೊಬ್ಬರಿ ಎಣ್ಣೆ ಮೆತ್ತಬೇಡಿ. ಹೊಪ್ಪಳೆ ಕೀಳಬೇಡಿ, ಕಿತ್ತಲ್ಲಿ ಶಾಯಿಯೂ ಹೋಗುತ್ತದೆ. ಕೆಂಪು ಹೆಚ್ಚುತ್ತಾ ಹೋದರೆ, ಕೀವು ಬಂದರೆ, ಜ್ವರ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ರಕ್ತದಾನ 12 ತಿಂಗಳು ಮಾಡುವಂತಿಲ್ಲ.

ಆಮೇಲೆ ಬೇಡವಾದರೆ ಲೇಸರ್ ಇದೆಯಲ್ಲ ಎನ್ನಬೇಡಿ. ಆರರಿಂದ ಹತ್ತು ಸಲ, ಪ್ರತಿ ಸಲಕ್ಕೂ 6ರಿಂದ 8 ವಾರ ಅಂತರ. ಅಷ್ಟಾದರೂ ನಮ್ಮ ಗೋಧಿ, ಕಪ್ಪು ಮೈಬಣ್ಣದಲ್ಲಿ ಬಿಳಿ ಮಚ್ಚೆ ಉಳಿಯಬಹುದು.

ತಮ್ಮ ಮತ್ತು ಅಪ್ಪ

ತಮ್ಮನಿಗೆ 17. ಈಗ ಬೇಡವೇ ಬೇಡ, ನೀವೇ ಕೈಹಿಡಿದು ತಡೆಯಿರಿ. ಭೂಸೇನೆಯ ನೇಮಕಾತಿಯಲ್ಲಿ ಶಾಶ್ವತ ಹಚ್ಚೆಗೆ ಅವಕಾಶವಿರುವುದು ಮೊಣಕೈ ಒಳಭಾಗದಿಂದ ಮಣಿಕಟ್ಟಿನ ತನಕದ ಮುಂಗೈ ಒಳಬದಿಗೆ ಮತ್ತು ಅಂಗೈ ಹಿಂಬದಿಗೆ ಮಾತ್ರ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಇನ್ನೂ ಬಿಗಿ: ಧಾರ್ಮಿಕ ಚಿಹ್ನೆ ಅಥವಾ ಹೆಸರು ಇರಬಹುದು, ಆದರೆ ಮುಂಗೈಯಾದರೆ ಸಲ್ಯೂಟ್ ಹೊಡೆಯದ ಎಡಗೈಯಲ್ಲೇ ಇರಬೇಕು, ಗಾತ್ರ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಕಾಪ್ಟಿಕರಂತೆ ಬಲಗೈಗೆ ಹಾಕಿಸಿಕೊಂಡು ಹೋದರೆ ಅಲ್ಲಿ ತೊಡಕು.

ಅಪ್ಪನ ವಿಷಯಕ್ಕೆ ‘ಬಲಹೀನನಿಗೆ ಅಡ್ಡಿಯಾಗಬೇಡ’ ಎಂಬ ರೋಮಾಪುರ 14ನ್ನು ಜನ ಥಟ್ಟನೆ ಎತ್ತುತ್ತಾರೆ. ಪೌಲ ಹೇಳುವ ಅಡ್ಡಿಯೆಂದರೆ ಬೇರೆಯವರಿಗೆ ಬೇಸರವಾಗುವುದಲ್ಲ, ನಿಮ್ಮನ್ನು ನೋಡಿ ಅವರು ತಮ್ಮ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯುವಂತಾಗುವುದು. ನಿಮ್ಮನ್ನು ನೋಡಿ ಅಪ್ಪ ಹಚ್ಚೆ ಹಾಕಿಸಿಕೊಳ್ಳುವುದಿಲ್ಲ, ತಮ್ಮ ಹಾಕಿಸಿಕೊಳ್ಳಬಹುದು. ಹಾಗಾಗಿ ಆ ವಚನ ನಿಮ್ಮ ಮನೆಯಲ್ಲಿ ತಾಗುವುದು ತಮ್ಮನ ಕಡೆಗೆ. ಅಪ್ಪನಿಗೆ ಸಲ್ಲಬೇಕಾದದ್ದು ‘ತಂದೆತಾಯಿಗಳನ್ನು ಸನ್ಮಾನಿಸು’ ಎಂಬ ಐದನೆಯ ಆಜ್ಞೆಯ ಗೌರವ. 23ರ ಮಗಳು ಅಪ್ಪ ಒಪ್ಪದ ನಿರ್ಧಾರವನ್ನೂ ತೆಗೆದುಕೊಳ್ಳಬಹುದು, ಆದರೆ ಕದ್ದು ಹಾಕಿಸಿಕೊಂಡು ತೋಳುದ್ದದ ಕುರ್ತಾದಲ್ಲಿ ಮುಚ್ಚಿಟ್ಟುಕೊಳ್ಳುವುದು ಗೌರವವಲ್ಲ. ನಿಮ್ಮ ಮನಸ್ಸಿನಲ್ಲೇ ಅನುಮಾನವಿದ್ದರೆ ಅಪ್ಪ ಒಪ್ಪಿದರೂ ಹಾಕಿಸಬೇಡಿ, ಅನುಮಾನಪಡುತ್ತಾ ಮಾಡಿದ್ದು ಪಾಪ ಎನ್ನುವ ರೋಮಾಪುರ 14:23 ಅಲ್ಲಿ ನೇರ ಅನ್ವಯಿಸುತ್ತದೆ.

ಒಂದು ಸಂಜೆ ಊಟ ಮುಗಿದ ಮೇಲೆ ಯಾಜಕಕಾಂಡ 19ನ್ನು ಪೂರ್ತಿ, 37 ವಚನವನ್ನೂ, ಅಪ್ಪನ ಜೊತೆ ಗಟ್ಟಿಯಾಗಿ ಓದಿ. ಹತ್ತು ನಿಮಿಷ ಸಾಕು. 28 ಬಂದಾಗ ನಿಲ್ಲಿಸಿ ವಾದಕ್ಕೆ ಇಳಿಯಬೇಡಿ, ಅಜ್ಜಿಯ ಮುಂಗೈ ಮೇಲಿದ್ದದ್ದು ಏನು, ಎಷ್ಟನೆಯ ವಯಸ್ಸಿನಲ್ಲಿ ಹಾಕಿಸಿದರು, ಯಾರು ಹಾಕಿದರು ಎಂದು ಅಪ್ಪನನ್ನೇ ಕೇಳಿ. ಅದು ಗೊತ್ತಿರುವವರು ಈಗ ಮನೆಯಲ್ಲಿ ಅವರೊಬ್ಬರೇ ಇರಬಹುದು.